ಉಣಕಲ್ಲಿನ ಮಿಸ್ಡ್ ಕಾಲ್

ಆ ದಿನ ನನ್ನ ಮಗಳು ಗಾಡಿ ಓಡಿಸುತ್ತ ಮೆಸೇಜ್ ನೋಡುತ್ತಿರಲಿಲ್ಲ. ನನ್ನ ಜೊತೆ ಮಾತಾಡುತ್ತಿದ್ದಳು. ಮಾತಾಡಲೇಬೇಕು ಅಂತ ಹಟ ಹಿಡಿದವಳು ನಾನು. ಆಮೇಲೆ ಅವಳ ಫೋನಿನಿಂದ ನನ್ನ ಕರೆಗಳನ್ನೆಲ್ಲ ಅಳಿಸಿ ಹಾಕಿದವಳೂ ನಾನೇ. ಏಳು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ — ಅವಳ ಮುಂದೆಯೂ.

ನಿಮ್ಮಲ್ಲಿ ಹಲವರು ಅವಳನ್ನು ನೋಡಿರುತ್ತೀರಿ. ಫೋನಿನಲ್ಲೇ ನೋಡಿರುತ್ತೀರಿ, ಇನ್ನೆಲ್ಲಿ ನೋಡಬೇಕು. ಯಾವುದೋ ಕಾಲೇಜಿನ ಸಭೆಯಲ್ಲಿ ಕಡ್ಡಿಯಂಥ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು, ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡ ಹುಡುಗ ಹುಡುಗಿಯರಿಗೆ ಹೇಳುತ್ತಾಳಲ್ಲ — ‘ನಾ ಗಾಡಿ ಹೊಡಿಯೂಮುಂದ ಮೆಸೇಜ್ ನೋಡಿದೆ, ಅದಕ್ಕ ಒಬ್ಬರ ಕಾಲು ಹೋತು, ನೀವು ನನ್ನಂಗ ಮಾಡಬ್ಯಾಡ್ರಿ’ ಅಂತ — ಅವಳೇ. ಹೆಸರು ಅಕ್ಷತಾ. ಅದರ ಕೆಳಗೆ ನೀವು ಬರೆದದ್ದನ್ನೂ ಒಂದೂ ಬಿಡದೆ ಓದಿದ್ದೇನೆ. ಈಗಿನ ಹುಡುಗರಿಗೆ ಹೆತ್ತವರ ಭಯ ಇಲ್ಲ, ಅಂದಿರಿ. ಕೈಯಲ್ಲಿ ಫೋನ್ ಇದ್ದರೆ ಕಣ್ಣು ಕಾಣುವುದಿಲ್ಲ, ಅಂದಿರಿ. ಇಂಥವರಿಗೆ ಗಾಡಿ ಕೊಡಿಸಿದವರಿಗೆ ಮೊದಲು ನಾಲ್ಕು ಹಾಕಬೇಕು ಅಂತ ಒಬ್ಬ ಪುಣ್ಯಾತ್ಮರು ಬರೆದಿದ್ದರು. ಅವರೊಬ್ಬರದು ಮಾತ್ರ ಸರಿ ಇತ್ತು.

ಈಗ ನೀವು ಅಯ್ಯೋ ಪಾಪ, ತಾಯಿ ಕರುಳು, ಅನ್ನಲು ಬಾಯಿ ತೆರೆದಿರುತ್ತೀರಿ. ಮುಚ್ಚಿರಿ. ಆ ಮಾತಿನ ಮರೆಯಲ್ಲೇ ನಾನು ಏಳು ವರ್ಷ ಕೂತಿದ್ದು. ನನಗೆ ಕರುಳಿಗಿಂತ ಸಿಟ್ಟು ಜಾಸ್ತಿ. ಧಾರವಾಡದ ನಮ್ಮ ಮಾಳಮಡ್ಡಿಯಲ್ಲಿ ಯಾರನ್ನಾದರೂ ಕೇಳಿ, ಕಸ್ತೂರಿ ಅಕ್ಕೋರು ಅಂದರೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತಾರೆ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು. ನಾನು ಗಣಿತ ಕಲಿಸುತ್ತಿದ್ದೆ. ನಾನು ವರಾಂಡದಲ್ಲಿ ಬಂದರೆ ಪಕ್ಕದ ವರ್ಗದ ಮಕ್ಕಳೂ ಸುಮ್ಮನಾಗುತ್ತಿದ್ದರು. ಅದನ್ನು ನಾನು ಗೌರವ ಅಂತ ತಿಳಿದಿದ್ದೆ.

ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅದು ಗೊತ್ತಾಗದೆ ಉಳಿದದ್ದು ಗೊತ್ತಾಗುವುದಿಲ್ಲ.

ಒಂದು ಕರೆಗೆ ಇಷ್ಟು ಅಂತ ದುಡ್ಡು ಕತ್ತರಿಸುತ್ತಿದ್ದ ಕಾಲದಲ್ಲಿ, ಯಾರಾದರೂ ಊರಿಗೆ ಹೋದರೆ ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡುವುದಿತ್ತು. ಒಂದು ರಿಂಗು, ಕಟ್. ಮುಟ್ಟಿದ್ದೇವೆ ಅಂತ ಅರ್ಥ. ಎಲ್ಲರ ಮನೆಯಲ್ಲೂ ಇತ್ತು. ಮುಂದೆ ಕರೆ ಪುಕ್ಕಟೆ ಆದವು, ಎಲ್ಲರೂ ಅದನ್ನು ಬಿಟ್ಟರು, ನಾನು ಬಿಡಲಿಲ್ಲ. ಬಿಡುವುದಿರಲಿ, ಇನ್ನೂ ಬಿಗಿ ಮಾಡಿದೆ. ಅಕ್ಷತಾಗೆ ಹುಬ್ಬಳ್ಳಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಹೋಗಿ ಬಂದು ಸೋತು ಸುಣ್ಣವಾಗುತ್ತಿದ್ದಳು, ಗಾಡಿ ಕೊಡಿಸಿ ಅಂತ ಬೆನ್ನು ಬಿದ್ದಳು. ನಮ್ಮ ಮನೆಯವರು ಆಗ ವಿಜಯಪುರದಲ್ಲಿ ಕೆಲಸದ ಮೇಲಿದ್ದರು. ಅವರು ಹೂಂ ಅಂದುಬಿಟ್ಟರು. ನಾನು ಒಂದು ಷರತ್ತು ಹಾಕಿದೆ: ಉಣಕಲ್ ಕೆರೆ ಬಂದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಬರಬೇಕು. ಅಲ್ಲಿಗೆ ಬಂದಳೆಂದರೆ ಹುಬ್ಬಳ್ಳಿ ಬಂದ ಹಾಗೆ, ನಾನು ನಿಶ್ಚಿಂತೆಯಿಂದ ಪಾಠಕ್ಕೆ ಹೋಗಬಹುದು.

ಗಾಡಿ ನಿಲ್ಲಿಸಿ ಕೊಡು ಅಂತ ನಾನು ಹೇಳಲಿಲ್ಲ. ಹೇಳಲಿಲ್ಲ ಅಷ್ಟೇ ಅಲ್ಲ — ನಿಲ್ಲಿಸಿದರೆ ಹೊತ್ತಾಗುತ್ತದೆ, ರಸ್ತೆ ಬದಿ ಹುಡುಗಿಯೊಬ್ಬಳು ನಿಂತರೆ ಛಲೋ ಕಾಣುವುದಿಲ್ಲ ಅಂತ, ನಾನೇ ಅಂಗಡಿಗೆ ಕರೆದುಕೊಂಡು ಹೋಗಿ ಹ್ಯಾಂಡಲಿಗೆ ಫೋನ್ ಸ್ಟ್ಯಾಂಡ್ ಹಾಕಿಸಿದೆ. ಹೆಬ್ಬೆರಳು ಹಾಕಿದರೆ ಸಾಕು, ರಿಂಗ್ ಆಗಬೇಕು. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಅದರ ಮೇಲೆ ಹೆಲ್ಮೆಟ್ ಹಾಕಿಕೋ ಅಂತ ಹೇಳಿಕೊಟ್ಟವಳೂ ನಾನೇ. ನಾನು ಫೋನ್ ಮಾಡಿದರೆ ಎತ್ತಬೇಕಲ್ಲ. ಲೈಸೆನ್ಸ್ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಬ್ರೇಕು ಎಷ್ಟು ಒತ್ತಬೇಕು ಅಂತ ಕೈಗೆ ಇನ್ನೂ ತಿಳಿಯದ ಹುಡುಗಿ. ಆ ಕೈಗೆ ನಾನು ಇನ್ನೊಂದು ಕೆಲಸ ಹಚ್ಚಿದೆ. ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ — ನಮ್ಮ ಅಕ್ಷತಾ ಉಣಕಲ್ಲಿಗೆ ಒಂದು ರಿಂಗ್ ಕೊಡದೆ ಮುಂದೆ ಹೋಗುವುದಿಲ್ಲ, ನಿಮ್ಮ ಮಕ್ಕಳೂ ಇರುತ್ತಾರಲ್ಲ, ಅಂತ. ಕೇಳಿದವರು ತಮ್ಮ ಮಕ್ಕಳಿಂದಲೂ ಹಾಗೇ ಮಾಡಿಸಿದರು. ಎಷ್ಟು ಮನೆಗೆ ಈ ಶಾಣ್ಯಾತನ ಹಂಚಿದ್ದೇನೋ.

ಆ ದಿನ ಬೆಳಿಗ್ಗೆ ನಮ್ಮಿಬ್ಬರಿಗೂ ಜಗಳ ಆಗಿತ್ತು. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಅವಳ ಗೆಳತಿ ಶಿಲ್ಪಾಳ ಜೊತೆ ಡ್ಯಾನ್ಸ್ ಮಾಡುತ್ತೇನೆ ಅಂದಳು. ನಾನು ಬ್ಯಾಡ ಅಂದೆ. ಯಾಕೆ ಅಂತ ಕೇಳಿದಳು. ನಾನು ಬ್ಯಾಡ ಅಂದ ಮೇಲೆ ಯಾಕೆ ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಇರಲಿಲ್ಲ. ಶಿಲ್ಪಾಳ ಮೇಲೆ ನಾಲ್ಕು ಮಾತು ಆಡಿದೆ — ಆ ಹುಡುಗಿ ನನಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ, ಸುಮ್ಮನೆ, ನಗುತ್ತಾಳೆ ಜಾಸ್ತಿ ಅಂತ. ಅಕ್ಷತಾ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದಳು. ಹೋಗಿ ಬರುತ್ತೇನೆ ಅಂತ ಕೂಡ ಅನ್ನಲಿಲ್ಲ.

ಸ್ಟಾಫ್ ರೂಮಿನಲ್ಲಿ ಕೂತು ಕಾಯ್ದೆ. ಉಣಕಲ್ಲಿಗೆ ಬರುವ ಹೊತ್ತಾಯಿತು. ರಿಂಗ್ ಬರಲಿಲ್ಲ. ಇಲ್ಲಿ ಒಂದು ಖರೆ ಮಾತು ಹೇಳಬೇಕು, ಹೇಳಲು ನಾಲಿಗೆ ಏಳುತ್ತಿಲ್ಲ — ನನಗೆ ಹೆದರಿಕೆ ಆಗಲಿಲ್ಲ. ಮಗಳಿಗೆ ಏನಾಯಿತೋ ಅಂತ ಎದೆ ಧಸಕ್ಕೆಂದಿತು ಅಂತೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನಲ್ಲ, ಅದು ಆಮೇಲೆ ಕಟ್ಟಿದ್ದು. ಬೇಕಂತಲೇ ಕೊಟ್ಟಿಲ್ಲ ಅಂತ ನನಗೆ ಗೊತ್ತಿತ್ತು. ಎಷ್ಟು ಸೊಕ್ಕು ಇವಳಿಗೆ ಅಂತ ಮೈ ಉರಿಯಿತು. ಅದಕ್ಕೇ ಫೋನ್ ಮಾಡಿದೆ. ಕಟ್ ಮಾಡಿದಳು. ಮತ್ತೆ ಮಾಡಿದೆ. ಮತ್ತೆ ಕಟ್ ಮಾಡಿದಳು. ಅಷ್ಟೊತ್ತಿಗೆ ಪಿರಿಯಡ್ಡಿನ ಗಂಟೆ ಹೊಡೆಯಿತು, ಉಳಿದ ಅಕ್ಕೋರೆಲ್ಲ ವರ್ಗಕ್ಕೆ ಎದ್ದು ಹೋದರು. ಮೂರನೇ ಸಲ ಎತ್ತಿದಳು.

“ಅವ್ವಾ, ಗಾಡಿ ಮ್ಯಾಲ ಅದೇನಿ. ಸ್ವಲ್ಪ ತಡಿ, ನಿಂತು ಮಾತಾಡ್ತೇನಿ.”

“ನಿಂದರೂದು ಬ್ಯಾಡ. ನನಗ ಪಿರಿಯಡ್ ಐತಿ. ಈಗ ಹೇಳು, ಹಂಗ ಹೇಳು — ಯಾಕ ರಿಂಗ್ ಕೊಡಲಿಲ್ಲ?”

ಇಷ್ಟೇ. ನಾನು ಆಡಿದ್ದು ಇಷ್ಟೇ. ಅವಳು ಏನೋ ಹೇಳಲು ಸುರು ಮಾಡಿದಳು, ‘ಕೆರಿ...’ ಅಂದಳು ಅಂತ ಕಾಣುತ್ತದೆ. ಆಮೇಲಿನ ಸಪ್ಪಳದ ಬಗ್ಗೆ ನಾನು ಬರೆಯುವುದಿಲ್ಲ. ಫೋನ್ ಕಟ್ ಆಗಲಿಲ್ಲ. ಹಲೋ ಹಲೋ ಅಂತ ಒದರುತ್ತ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಯಾರೋ ಗಂಡಸು ಫೋನ್ ಎತ್ತಿಕೊಂಡು, ಯಾರ್ರಿ ನೀವು, ಹುಡುಗಿ ಬಿದ್ದಾಳ, ಒಬ್ಬರಿಗಿ ಹೊಡದಾಳ, ಲಗೂ ಬರ್ರಿ, ಅಂದರು. ಆ ಮನುಷ್ಯ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೇ ಇರಲಿ ಅಂತ ದೇವರಿಗೆ ಕೈ ಮುಗಿದಿದ್ದೇನೆ.

ಗಾಡಿ ಬಡಿದದ್ದು ಮಲ್ಲೇಶಪ್ಪ ಅನ್ನುವವರಿಗೆ. ಉಣಕಲ್ಲಿನ ಟೇಲರ್. ಅಂಗಡಿ ತೆರೆಯುವ ಮೊದಲು ಚಹಾ ಕುಡಿಯಲು ರಸ್ತೆ ದಾಟುತ್ತಿದ್ದರಂತೆ. ಬಲಗಾಲ ಮೊಣಕಾಲು ನುಚ್ಚುನೂರಾಯಿತು. ಜೀವ ಉಳಿಯಿತು, ಆದರೆ ಆ ಕಾಲು ಮತ್ತೆ ಮಡಚಲಿಲ್ಲ. ಕಾಲಿನಿಂದ ಮಷಿನ್ ತುಳಿದು ಹೊಟ್ಟೆ ಹೊರೆಯುವ ಮನುಷ್ಯನ ಕಾಲು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಕ್ಷತಾಳ ತಲೆಗೆ ಪಟ್ಟಿ ಸುತ್ತಿ ಮಲಗಿಸಿದ್ದರು, ಎಚ್ಚರ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ ನಾನು. ಒಬ್ಬ ಪೊಲೀಸರು ಬಂದು, ನಿಮ್ಮ ಮಗಳದೇನ್ರಿ ಅಂತ ಅವಳ ಫೋನನ್ನು ನನ್ನ ಕೈಗೆ ಕೊಟ್ಟು ಹೋದರು. ಗಾಜು ಬಿರಿದಿತ್ತು, ಫೋನ್ ನಡೆಯುತ್ತಿತ್ತು. ಅದರ ಪ್ಯಾಟರ್ನ್ ನನಗೆ ಗೊತ್ತಿತ್ತು — ಗೊತ್ತಿರಲೇಬೇಕು ಅಂತ ಅದೂ ನನ್ನದೇ ಕಾನೂನು. ತೆಗೆದೆ. ಮೇಲೆಯೇ ಇದ್ದವು, ಮೂರು ಕರೆ, ಒಂದರ ಕೆಳಗೆ ಒಂದು. ನನ್ನ ಹೆಸರನ್ನು ಅವಳು ‘ಅವ್ವ ಲಗೂ ಎತ್ತು’ — ಅವ್ವನ ಫೋನ್, ಬೇಗ ಎತ್ತು — ಅಂತ ಹಾಕಿಕೊಂಡಿದ್ದಳು. ನನಗೆ ಅದು ಗೊತ್ತೇ ಇರಲಿಲ್ಲ. ನನ್ನನ್ನು ಅಣಕಿಸಲು ಹಾಕಿದ್ದಳೋ, ತನಗೆ ತಾನೇ ಹೇಳಿಕೊಳ್ಳಲು ಹಾಕಿದ್ದಳೋ —

ಅಳಿಸಿದೆ. ಒಂದೊಂದಾಗಿ ಅಳಿಸಿದೆ. ತಲೆ ಕೆಟ್ಟಿತ್ತು, ಏನು ಮಾಡಿದೆ ಅಂತ ತಿಳಿಯಲಿಲ್ಲ ಅನ್ನುವಂತಿಲ್ಲ. ಛಂದಾಗಿ ತಿಳಿದಿತ್ತು. ನಾಳೆ ಯಾರಾದರೂ ಕೇಳಿದರೆ? ಸಾಲಿಯಲ್ಲಿ ಗೊತ್ತಾದರೆ? ಅಕ್ಕೋರೇ ಹಿಂಗ ಮಾಡಿದರಂತೆ ಅಂದರೆ? ಅದನ್ನೆಲ್ಲ ಲೆಕ್ಕ ಹಾಕಿಯೇ ಮಾಡಿದೆ. ಒಳಗೆ ಮಗಳು ಬದುಕುತ್ತಾಳೋ ಇಲ್ಲವೋ ಅನ್ನುವ ಹೊತ್ತಿನಲ್ಲಿ ನನ್ನ ತಲೆ ಅಷ್ಟು ನೆಟ್ಟಗೆ ನಡೆದಿತ್ತು. ನನ್ನ ಕರೆ ಹೋದ ಮೇಲೆ ಒಂದು ಮೆಸೇಜ್ ಕಣ್ಣಿಗೆ ಬಿತ್ತು. ಶಿಲ್ಪಾಳದು. ಅದೇ ಹೊತ್ತಿಗೆ ಬಂದದ್ದು. ‘ಎಲ್ಲಿದ್ದಿ? ಲಗೂ ಬಾ’ ಅಂತ ಇತ್ತು. ತೆರೆದಿರಲಿಲ್ಲ. ನಾನು ತೆರೆದೆ.

ಅಕ್ಷತಾಗೆ ಎಚ್ಚರವಾಯಿತು. ಮನೆ ಬಿಟ್ಟ ಮೇಲಿನದು ಒಂದೂ ನೆನಪಿರಲಿಲ್ಲ. ಚಹಾ ಬಿಟ್ಟು ಎದ್ದದ್ದು ಗೊತ್ತು, ಗಾಡಿ ಹತ್ತಿದ್ದು ಗೊತ್ತಿಲ್ಲ. ಇನ್ನು ಮುಂದೆಯೂ ನೆನಪಾಗಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು. ನನಗೆ ಹೊಟ್ಟೆ ತಣ್ಣಗಾಯಿತು. ಇದನ್ನೂ ಬರೆಯುತ್ತಿದ್ದೇನೆ, ಓದಿಕೊಳ್ಳಿ. ಮಗಳ ನೆನಪು ಹೋಯಿತು ಅಂದಾಗ ತಾಯಿಗೆ ಹೊಟ್ಟೆ ತಣ್ಣಗಾಯಿತು. ನನಗ ಏನಾತವ್ವಾ ಅಂತ ಅಕ್ಷತಾ ಕೇಳಿದಳು. ನೀ ಮೆಸೇಜ್ ನೋಡಾಕತ್ತಿದ್ದಿ, ಆ ಶಿಲ್ಪಾಂದು, ಅಂದೆ.  ನಾ ಹಂಗ ಮಾಡಾಂಗಿಲ್ಲವ್ವಾ, ಅಂದಳು. ಮಾಡಿದಿ, ಅಂದೆ.

ಮುಂದೆ ಎಲ್ಲವೂ ತಾನೇ ನಡೆಯಿತು. ಹ್ಯಾಂಡಲಿಗೆ ಸ್ಟ್ಯಾಂಡ್ ಇತ್ತು, ಕಿವಿಯಲ್ಲಿ ವಾಯರ್ ಇತ್ತು, ವಯಸ್ಸು ಅಂಥಾದ್ದು. ಪೊಲೀಸರಿಗೂ ಅಷ್ಟೇ ಸಾಕಾಯಿತು. ಅಕ್ಷತಾ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಳು. ಒಪ್ಪಿಕೊಳ್ಳಬೇಡ ಅಂತ ಅವಳ ಅಪ್ಪ ಅಂದರೆ, ಮಾಡೇನಿ, ಒಪ್ಪಿಕೊಳ್ತೇನಿ, ಅಂದಳಂತೆ. ಅವರು ಬಂದು ನನ್ನ ಮುಂದೆ ಅತ್ತರು. ನಾನು ಅವರಿಗೆ ನೀರು ಕೊಟ್ಟೆ.

ಶಿಲ್ಪಾಳ ಮನೆಗೆ ಹೋದದ್ದು ಬೇರೆ ಇದೆ. ಹೋಗಬೇಕಾಗಿರಲಿಲ್ಲ, ಯಾರೂ ನನ್ನನ್ನು ಅನುಮಾನಿಸಿರಲಿಲ್ಲ. ಆದರೂ ಹೋದೆ. ಬಾಗಿಲಲ್ಲೇ ನಿಂತು, ಓಣಿಯ ಮಂದಿಗೆಲ್ಲ ಕೇಳುವಂತೆ ಅವಳ ತಾಯಿಯ ಮೇಲೆ ಹರಿಹಾಯ್ದೆ: ನಿಮ್ಮ ಮಗಳ ಮೆಸೇಜಿನಿಂದ ನನ್ನ ಮಗಳ ಬಾಳು ಹಾಳಾಯಿತು, ಛಲೋ ಸಂಸ್ಕಾರ ಕೊಟ್ಟೀರಿ. ಆ ಹುಡುಗಿ ಒಳಗಿನ ಬಾಗಿಲು ಹಿಡಿದುಕೊಂಡು ನಿಂತಿತ್ತು. ನಗುತ್ತಾಳೆ ಅಂತ ನನಗೆ ಸೇರುತ್ತಿರಲಿಲ್ಲವಲ್ಲ, ಆ ದಿನ ನಗಲಿಲ್ಲ. ಮುಂದಿನ ವರ್ಷ ಕಾಲೇಜು ಬದಲಿಸಿತು. ಅಕ್ಷತಾ ಅದರ ಜೊತೆ ಮಾತು ಬಿಟ್ಟಳು. ಈಗ ಶಿಲ್ಪಾ ಹುಬ್ಬಳ್ಳಿಯಲ್ಲೇ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ ಅಂತ ಕೇಳಿದ್ದೇನೆ.

ಅಕ್ಷತಾ ಮತ್ತೆ ಗಾಡಿ ಮುಟ್ಟಲಿಲ್ಲ. ಓದು ಮುಗಿಯಿತು, ಹುಬ್ಬಳ್ಳಿಯಲ್ಲೇ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ದಿನಾ ಬಸ್ಸಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಕೂತುಕೊಂಡೂ ಉಣಕಲ್ ಕೆರೆ ಬಂದರೆ ನನಗೆ ಒಂದು ರಿಂಗ್ ಕೊಡುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಆ ದಿನ ತಾನು ಕೊಟ್ಟಿರಲಿಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಆ ರಿಂಗ್ ಬಂದು ನಿಂತರೂ, ಬ್ಯಾಡ ಬಿಡು ಅಂತ ನಾನು ಹೇಳಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾಳಲ್ಲ.

ರಜೆಯ ದಿನ ಕರೆದ ಕಾಲೇಜಿಗೆಲ್ಲ ಹೋಗುತ್ತಿದ್ದಳು. ತನ್ನ ಕಥೆ ಹೇಳುತ್ತಿದ್ದಳು. ಮೊದಮೊದಲು ನಾನು ಹೋಗುತ್ತಿರಲಿಲ್ಲ. ಆಮೇಲೆ ತಾಯಿಯನ್ನೂ ಕರೆಯತೊಡಗಿದರು — ಇಂಥ ಮಗಳನ್ನು ತಿದ್ದಿ ನಿಲ್ಲಿಸಿದ ತಾಯಿ ಅಂತ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಮೊದಲನೇ ಸಾಲಿನಲ್ಲಿ ಕೂತು ನನ್ನ ಸುಳ್ಳನ್ನು ಮಗಳ ಬಾಯಿಯಿಂದ ಕೇಳಿ ಚಪ್ಪಾಳೆ ತಟ್ಟಿದೆ. ಉಗುಳಬೇಕೆನಿಸಿದರೆ ಉಗುಳಿರಿ.

ಎಲ್ಲ ಹಾಗೇ ಹೋಗುತ್ತಿತ್ತು, ಕಳೆದ ತಿಂಗಳು ಧಾರವಾಡದ ಒಂದು ಕಾಲೇಜಿನಲ್ಲಿ ಒಂದು ಹುಡುಗಿ ಎದ್ದು ನಿಲ್ಲದಿದ್ದರೆ. ಮೊದಲ ವರ್ಷದ್ದು, ಕಲಘಟಗಿ ಕಡೆಯದಂತೆ. ದಿನಾ ಗಾಡಿಯ ಮೇಲೆ ಬಂದು ಹೋಗುತ್ತದಂತೆ. ಹೆದರುತ್ತ ಕೇಳಿತು.

“ಮೇಡಂ, ಗಾಡಿ ಮ್ಯಾಲ ಇದ್ದಾಗ ಮನ್ಯಾಗಿನವರ ಫೋನ್ ಬಂದ್ರ ಏನ ಮಾಡೂದ್ರಿ? ಎತ್ತಲಿಲ್ಲಂದ್ರ ಬೈತಾರ್ರಿ.”

ಉಳಿದವರು ನಕ್ಕರು. ನಗುವಿನಲ್ಲಿ ಹೌದು ಹೌದು ಅನ್ನುವ ದನಿ ಇತ್ತು, ನನಗೆ ಕೇಳಿಸಿತು, ಇಪ್ಪತ್ತೆಂಟು ವರ್ಷ ಮಕ್ಕಳ ಮುಂದೆ ನಿಂತವಳು ನಾನು. ಅಕ್ಷತಾ ಸಿಡುಕಲಿಲ್ಲ, ಆದರೆ ಬಿಗಿಯಾಗಿಯೇ ಹೇಳಿದಳು. ತಪ್ಪನ್ನು ಮನೆಯವರ ಮೇಲೆ ಹಾಕಬೇಡ, ಅವರು ನಮ್ಮ ಕಾಳಜಿಗೆ ಮಾಡುತ್ತಾರೆ, ತಪ್ಪು ಮಾಡುವವರು ನಾವು. ನಮ್ಮ ಅವ್ವ ನನಗೆ ಎಷ್ಟು ಕಾಳಜಿ ಮಾಡುತ್ತಿದ್ದರು, ಉಣಕಲ್ಲಿಗೆ ಬಂದರೆ ಒಂದು ರಿಂಗ್ ಕೊಡು ಅನ್ನುತ್ತಿದ್ದರು, ಅಂಥವರ ಮಗಳಾಗಿ ನಾನೇ ಹಾಳು ಮೆಸೇಜ್ ನೋಡಿದೆ. ಹೀಗೆ ಹೇಳಿ ನನ್ನ ಕಡೆ ಕೈ ತೋರಿಸಿದಳು. ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕೂತಿತು.

ಮುಗಿದ ಮೇಲೆ ಹೊರಗೆ ಗಾಡಿ ನಿಲ್ಲಿಸುವಲ್ಲಿ ಅದನ್ನೇ ಕಂಡೆ. ಹೆಲ್ಮೆಟ್ ಹಾಕಿಕೊಂಡು, ಗಾಡಿ ಹೊರಡಿಸಿ, ಇನ್ನೂ ಗೇಟ್ ದಾಟಿರಲಿಲ್ಲ, ಫೋನನ್ನು ಹೆಲ್ಮೆಟ್ಟಿನ ಒಳಗೆ ಕಿವಿಗೆ ಸಿಗಿಸಿಕೊಂಡಿತು. ಹೊಂಟೇನವ್ವಾ, ಹೊಂಟೇನಿ, ಅನ್ನುತ್ತ ರಸ್ತೆಗೆ ಇಳಿಯಿತು. ನಾನು ಕೂಗಿದೆ. ಕೇಳಿಸಲಿಲ್ಲ. ಕಿವಿಯಲ್ಲಿ ಅದರ ಅವ್ವ ಇದ್ದಳು.

ಅಲ್ಲಿಯವರೆಗೆ ನಾನು ನನಗೆ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ: ಸುಳ್ಳು ಹೇಳಿದ್ದು ಖರೆ, ಆದರೆ ಆ ಸುಳ್ಳಿನಿಂದ ಎಷ್ಟೋ ಹುಡುಗರಿಗೆ ಬುದ್ಧಿ ಬಂತಲ್ಲ. ಎಲ್ಲಿಯ ಬುದ್ಧಿ. ನನ್ನ ಮಗಳು ಅವರಿಗೆಲ್ಲ ಗೆಳತಿಯ ಮೆಸೇಜಿಗೆ ಹೆದರಿರಿ ಅಂತ ಕಲಿಸುತ್ತಿದ್ದಳು. ಗೆಳತಿಯ ಮೆಸೇಜ್ ಕಾಯುತ್ತದೆ. ಗೆಳತಿ ಬೈಯುವುದಿಲ್ಲ. ಕಾಯದೇ ಇರುವುದು, ಎತ್ತದಿದ್ದರೆ ಸಂಜೆ ಬಾಗಿಲಲ್ಲೇ ನಿಂತು ಕೇಳುವುದು ನಾವು. ಅದನ್ನೇ ಎದ್ದು ನಿಂತು ಕೇಳಿದ ಹುಡುಗಿಯ ಬಾಯನ್ನು ನಾನು ಶಾಲು ಹೊದ್ದು ಕೂತೇ ಮುಚ್ಚಿಸಿದ್ದೆ.

ಮರುದಿನ ಹೇಳಬೇಕಾದದ್ದು ಅಕ್ಷತಾಗೆ. ನಾನು ಮಲ್ಲೇಶಪ್ಪನವರ ಅಂಗಡಿಗೆ ಹೋದೆ. ಹೊರಗಿನವರ ಮುಂದೆ ಹೇಳುವುದು ಹಗುರ ಆದೀತು ಅಂತ, ಹೇಡಿತನ, ಮತ್ತೇನಲ್ಲ. ಅವರು ಮೋಟರ್ ಹಾಕಿಸಿದ ಮಷಿನ್ ಮುಂದೆ, ಬಲಗಾಲನ್ನು ಒಂದು ಸ್ಟೂಲಿನ ಮೇಲೆ ಉದ್ದಕ್ಕೆ ಚಾಚಿಕೊಂಡು ಕೂತಿದ್ದರು. ಯಾರದೋ ಜಂಪರಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಕೂಡ್ರಿ ಅಂತ ಅವರೂ ಅನ್ನಲಿಲ್ಲ. ಕೇಳಿಸಿಕೊಂಡರು, ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟರು. ನಿಮ್ಮ ಹುಡುಗಿ ವರ್ಷಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ, ನಾನು ತಲೆ ಎತ್ತಿ ನೋಡುವುದಿಲ್ಲ, ಹಣ್ಣು ತಂದರೆ ಅಂಗಡಿಯ ಹೊರಗೇ ಇಟ್ಟು ಹೋಗುತ್ತದೆ, ದನಕ್ಕೆ ಹಾಕುತ್ತೇನೆ, ಅಂದರು. ಆಮೇಲೆ ನನ್ನ ಮುಖ ನೋಡಿದರು.

“ಅಕ್ಕೋರ, ಕಾಲು ಹೋದದ್ದು ಹೋತು. ನನ್ನ ಕಡಿಂದ ಬ್ಯಾರೆ ಮನಷ್ಯಾಗ ಶಾಪಾ ಹಾಕಿಸಿದ್ರಲ್ಲ, ಅದನ್ನ ಎಲ್ಲೆ ತೊಳ್ಕೊಳ್ಳಿ ನಾ? ಹೋಗ್ರಿ. ಅಕಿಗಿ ಹೇಳಿದ ಮ್ಯಾಲ ಇತ್ತಾಗ ಬರ್ರಿ. ಇಲ್ಲಾಂದ್ರ ಬರಬ್ಯಾಡ್ರಿ.”

 ಬಸ್ ಹತ್ತಿ ಮನೆಗೆ ಬಂದೆ.

ಅಕ್ಷತಾ ಅಡುಗೆ ಮನೆಯಲ್ಲಿ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ರವಿವಾರ. ಅವಳ ಎದುರು ಕೂತೆ. ನಿನ್ನ ಮೊಣಕಾಲು ನೋಯುತ್ತದೆ, ಕುರ್ಚಿ ತರಲಾ ಅಂದಳು. ಬೇಡ ಅಂದು ಹೇಳಿದೆ. ಜಗಳದಿಂದ ಹಿಡಿದು ಹೇಳಿದೆ — ಚಹಾ, ಡ್ಯಾನ್ಸು, ಬಾರದ ರಿಂಗ್, ಮೂರು ಕರೆ, ಆಸ್ಪತ್ರೆಯ ಬೆಂಚು, ಅಳಿಸಿದ್ದು, ಶಿಲ್ಪಾಳ ಬಾಗಿಲು. ಅವಳ ಕೈ ಒಂದೇ ಸಮನೆ ಸೊಪ್ಪು ಬಿಡಿಸುತ್ತಿತ್ತು, ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ಎಲ್ಲ ಮುಗಿದ ಮೇಲೆ ಕೈ ನಿಂತಿತು. ಬೈಯುತ್ತಾಳೆ ಅಂತ ಕಾಯ್ದೆ. ಬೈದಿದ್ದರೆ ಹಗುರಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತೇನೋ. ಒಂದೇ ಕೇಳಿದಳು.

“ಫೋನ್ ಎತ್ತಿದಾಗ ನಾ ಏನಂದೆ?”

ನಿಂತು ಮಾತಾಡ್ತೇನಿ ಅಂದಿ, ಅಂದೆ.

“ಇನ್ನೊಮ್ಮೆ ಹೇಳು.”

ಅವ್ವಾ, ಗಾಡಿ ಮ್ಯಾಲ ಅದೇನಿ, ಸ್ವಲ್ಪ ತಡಿ, ನಿಂತು ಮಾತಾಡ್ತೇನಿ — ಹಿಂಗ ಅಂದಿ, ಅಂದೆ.

ಅವಳ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ತುಟಿ ಮಾತ್ರ ಆಡಿದವು, ಅದೇ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆ ಅಂದವಳು ತಾನು ಅಂತ ಅವಳಿಗೆ ಏಳು ವರ್ಷ ಗೊತ್ತಿರಲಿಲ್ಲ. ನಾ ಹಂಗ ಮಾಡಾಂಗಿಲ್ಲವ್ವಾ ಅಂತ ಆಸ್ಪತ್ರೆಯಲ್ಲಿ ಅಂದಿದ್ದಳಲ್ಲ — ಖರೇನೇ ಮಾಡಿರಲಿಲ್ಲ. ಕರೆ ಅಳಿಸಿದ್ದು ಸಣ್ಣ ಕಳವು. ಈ ಒಂದು ಮಾತನ್ನು ಅವಳಿಂದ ಕದ್ದು ಇಟ್ಟುಕೊಂಡಿದ್ದೆ ನೋಡಿ, ಅದು ದೊಡ್ಡದು. ನಿಲ್ಲುತ್ತೇನೆ ಅಂದಿದ್ದಳು ನನ್ನ ಮಗಳು. ಹೊಸದಾಗಿ ಗಾಡಿ ಕಲಿತ ಹುಡುಗಿ, ಜಗಳದ ಸಿಟ್ಟಿನಲ್ಲೂ, ಸರಿಯಾದ ಮಾತನ್ನೇ ಆಡಿದ್ದಳು.

ಬಿಡಿಸಿದ ಸೊಪ್ಪನ್ನು ಬದಿಗೆ ಸರಿಸಿ, ಸಭೆಗಳಲ್ಲಿ ನಾನು ಹೇಳುವುದು ಇನ್ನು ಮುಗಿಯಿತು, ಇನ್ನು ನೀನು ಹೇಳಬೇಕು, ಅಂದಳು. ಮುಂದಿನ ಕಾರ್ಯಕ್ರಮದ ಕಾಲೇಜಿಗೆ ನಾನೇ ಫೋನ್ ಮಾಡಿ, ಮಕ್ಕಳ ಜೊತೆ ತಂದೆ ತಾಯಿಯರನ್ನೂ ಕರೆಯಿರಿ ಅಂತ ಕೇಳಿಕೊಂಡಿದ್ದೇನೆ. ಶಾಲು ತರಬೇಡಿ ಅಂತಲೂ ಹೇಳಿದ್ದೇನೆ. ಇಲ್ಲಿ ಬರೆದದ್ದನ್ನೇ ಅಲ್ಲಿ ಓದುತ್ತೇನೆ, ಒಂದು ಸಾಲು ಬಿಡುವುದಿಲ್ಲ. ಅದಾದ ಮೇಲೆ ಪೊಲೀಸರ ಹತ್ತಿರ ಹೋಗಬೇಕು, ಅವರು ಏನು ಮಾಡುತ್ತಾರೋ ಮಾಡಲಿ. ಅಕ್ಷತಾ ಕ್ಷಮಿಸಿದಳಾ ಅಂತ ಕೇಳಬೇಡಿ. ಕ್ಷಮಿಸಿಲ್ಲ. ಮನೆಯಲ್ಲಿ ನನ್ನ ತಾಟಿಗೆ ರೊಟ್ಟಿ ಹಾಕುತ್ತಾಳೆ, ಮಾತಾಡುವುದಿಲ್ಲ.

ಇವತ್ತು ಬೆಳಿಗ್ಗೆ ಶಿಲ್ಪಾಳನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋದಳು. ಚಪ್ಪಲಿ ಮೆಟ್ಟಿಕೊಂಡವಳು ತಿರುಗಿ ಒಳಗೆ ಬಂದು, ತನ್ನ ಫೋನನ್ನು ಚೀಲದಿಂದ ತೆಗೆದು ನನ್ನ ಮುಂದೆ ಮೇಜಿನ ಮೇಲೆ ಇಟ್ಟು ಹೋದಳು. 

ಇದನ್ನು ಬರೆಯುತ್ತ ಕೂತಿದ್ದೆ. ಬಸ್ಸು ಉಣಕಲ್ ಕೆರೆಗೆ ಬರುವ ಹೊತ್ತಾಯಿತು. ರಿಂಗ್ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತು, ಫೋನ್ ಕಣ್ಣ ಮುಂದೆಯೇ ಬಿದ್ದಿದೆ. ಗೊತ್ತಿದ್ದೂ, ಎಷ್ಟು ವರ್ಷದ ಚಾಳಿಯೋ, ನನ್ನ ಕೈ ನನ್ನ ಫೋನ್ ತೆಗೆದುಕೊಂಡು ಅವಳ ನಂಬರ್ ಒತ್ತಿತು.

ಮೇಜಿನ ಮೇಲಿನ ಫೋನ್ ಗುರ್ ಅಂತ ನಡುಗಿತು. ಆ ದಿನದ ಫೋನ್ ಅಲ್ಲ ಇದು, ಆಮೇಲೆ ಕೊಂಡದ್ದು. ಆದರೂ ಹೆಸರು ಅದೇ ಬಂತು: ಅವ್ವ ಲಗೂ ಎತ್ತು. ಗಾಡಿಯ ಮೇಲೆ ಕೂತ ನನ್ನ ಮಗಳಿಗೆ ನಾನು ಹೇಗೆ ಕಾಣುತ್ತಿದ್ದೆ ಅಂತ ಮೊದಲ ಸಲ ನೋಡಿದೆ. ಕಟ್ ಮಾಡಲಿಲ್ಲ. ಅದು ತಾನಾಗಿ ನಿಲ್ಲುವ ತನಕ ನೋಡುತ್ತ ಕೂತೆ.

ಯಾರೂ ಎತ್ತಲಿಲ್ಲ. ಛಲೋ ಆಯಿತು.